ಶಾಂತಕ್ಕ ಕಳಿಸಿದ ಎಲೆಗಳು

ಇಂದು ಬೆಳಿಗ್ಗೆ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಚಹಾ ಆರುತ್ತಿತ್ತು, ಹೊರಗೆ ಮೋಡ ಕವಿದಿತ್ತು, ಎದುರಿನ ಲ್ಯಾಪ್‌ಟಾಪು 'ಒಂದೂ ತಪ್ಪಿಲ್ಲ' ಎನ್ನುತ್ತಿತ್ತು. ಬೇರೆಯವರಾಗಿದ್ದರೆ ಪೇಢೆ ಹಂಚುತ್ತಿದ್ದರು. ನಾನು ಹೆದರಿದೆ. ಯಾಕೆಂದು ಕೇಳಿರಿ.

ದ್ರಾಕ್ಷಿ ಎಲೆಯ ಫೋಟೋ ನೋಡಿ ರೋಗ ಗುರುತಿಸುವ ನರಜಾಲಗಳನ್ನು, ಅಂದರೆ ಮಿದುಳಿನ ಮಾದರಿಯಲ್ಲಿ ಕಲಿಯುವ ಪ್ರೋಗ್ರಾಮುಗಳನ್ನು, ಕಂಪ್ಯೂಟರಿನಲ್ಲಿ ಬೆಳೆಸುವುದು ನನ್ನ ಕೆಲಸ. ನೂರು ಜಾಲ ಹುಟ್ಟಿಸಿ ಪರೀಕ್ಷೆಗೆ ಒಡ್ಡುತ್ತೇನೆ. ಗೆದ್ದ ಹತ್ತನ್ನು ಉಳಿಸಿ, ಅಲ್ಲಲ್ಲಿ ಚೂರು ಬದಲಿಸಿ ಮುಂದಿನ ಪೀಳಿಗೆ ಮಾಡುತ್ತೇನೆ, ಉಳಿದವು ಕಸಕ್ಕೆ. ಬಿತ್ತನೆಗೆ ಒಳ್ಳೆಯ ತೆನೆ ಆರಿಸಿಟ್ಟ ಹಾಗೆ. ಆಗೆಲ್ಲ ನಾನೇ ಬ್ರಹ್ಮನೆಂದು ಮೆರೆಯುತ್ತಿದ್ದೆ.

ಎರಡು ವರ್ಷದ ಹಿಂದೆ ಹೀಗೇ ಒಂದೂ ತಪ್ಪು ಮಾಡದ ಜಾಲವನ್ನು ತಿಕೋಟಾದ ಶಾಂತಕ್ಕನ ಫೋನಿಗೆ ಹಾಕಿಕೊಟ್ಟೆ. ದೊಡ್ಡಪ್ಪನ ಮಗಳು, ಎರಡು ಎಕರೆ ದ್ರಾಕ್ಷಿ ಅವಳೇ ನೋಡಿಕೊಳ್ಳುತ್ತಾಳೆ. ಹೂ ಬಿಡುವ ಹೊತ್ತಿಗೆ ಮೋಡ ಹಿಡಿಯಿತು, ಅವಳ ಫೋನೂ ಬಂತು.

"ಎಲಿ ಮ್ಯಾಲ ಎಣ್ಣಿ ಬಿದ್ದಂಗ ಕಲಿ ಕಾಣಾಕತ್ತಾವೋ ತಮ್ಮಾ. ನಿನ್ನ ಯಂತ್ರ ಏನೂ ಇಲ್ಲ ಅಂತದ. ಔಷಧ ಹೊಡೀಲೋ ಬ್ಯಾಡೋ?"

"ಯಂತ್ರ ಹೇಳಿದಮ್ಯಾಲ ಮುಗೀತ ಬಿಡಕ್ಕಾ" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ!

ಮೂರನೇ ದಿನ ಹೋದರೆ ಎಲೆಯಡಿಯಲ್ಲೆಲ್ಲ ಬಿಳಿ ಬೂಷ್ಟು, ಹೂಗೊಂಚಲುಗಳು ಕಂದಿ ಉದುರುತ್ತಿದ್ದವು. ಮೋಡದ ತೇವಕ್ಕೆ ಹಬ್ಬುವ ದಾವಣಿ ರೋಗ. ಬಳ್ಳಿಯ ಎಲೆಗೆ ಫೋನ್ ಹಿಡಿದೆ: ರೋಗವಿಲ್ಲ. ಅದನ್ನೇ ಕಿತ್ತು ಅಂಗೈ ಮೇಲಿಟ್ಟೆ: ರೋಗ. ಹಸನಾದ ಎಲೆ ಇಟ್ಟೆ: ರೋಗ. ಕೊನೆಗೆ ಬರೀ ಅಂಗೈ ಹಿಡಿದೆ. ಅದಕ್ಕೂ ರೋಗ!

ನಾನು ಕೂಡಿಸಿದ್ದ ಫೋಟೋಗಳಲ್ಲಿ ಕೆಟ್ಟ ಎಲೆಗಳೆಲ್ಲ ರೈತರು ಕಿತ್ತು, ಅಂಗೈ ಮೇಲಿಟ್ಟು "ನೋಡ್ರಿ ಸರ" ಎಂದು ತೋರಿಸಿದವು. ಒಳ್ಳೆಯ ಎಲೆಯನ್ನು ಯಾರು ಕೀಳುತ್ತಾರೆ? ಅವನ್ನು ಬಳ್ಳಿಯಲ್ಲೇ ತೆಗೆದಿದ್ದೆ. ಅಂಗೈ ಕಂಡರೆ ರೋಗವೆಂದ ಜಾಲ ಗೆದ್ದಿತು, ಅದರ ಮಕ್ಕಳು ಮೊಮ್ಮಕ್ಕಳೂ ಗೆದ್ದವು. ಎಲೆಯನ್ನೇ ನೋಡುತ್ತಿದ್ದ ಯಾವ ಬಡಪಾಯಿ ಜಾಲವನ್ನು ಕಸಕ್ಕೆ ಹಾಕಿದ್ದೆನೋ.

ಶಾಂತಕ್ಕ ಬಯ್ಯಲಿಲ್ಲ. "ನೀ ಅಂದಿ ಅಂತ ನಾ ಕಣ್ಣ ಮುಚಗೊಂಡನಲ್ಲೋ" ಎಂದು ಅತ್ತಳು. ನಾಚಿಕೆಯಿಂದ ಸತ್ತೆ. ಅರ್ಧ ತೋಟ ಹೋಯಿತು. ವಾರದ ಮೇಲೆ ಅವಳಿಂದ ಫೋಟೋಗಳು ಬಂದವು. ಸಾಲು ಸಾಲು ತಿರುಗಿ ಕೆಟ್ಟದ್ದು, ಉಳಿದದ್ದು ಎಲ್ಲವನ್ನೂ ಬಳ್ಳಿಯಲ್ಲೇ ತೆಗೆದಿದ್ದಳು. "ಇವನ್ನ ತೋರಸು ಅದಕ್ಕ. ನಾಳಿ ಬಬಲೇಶ್ವರದ ರೈತರು ಯಾರರ ಕೇಳಿದ್ರ ಖರೇ ಹೇಳ್ಲಿ."

ಅರ್ಧವನ್ನು ಕಲಿಸಲು ಕೊಟ್ಟೆ, ಅರ್ಧವನ್ನು ಕೊನೆಯ ಪರೀಕ್ಷೆಗೆಂದು ಮುಚ್ಚಿಟ್ಟೆ. ಇಂದು ಹೊಸ ಜಾಲಕ್ಕೆ ಕಲಿಸಿದ ಫೋಟೋಗಳಲ್ಲಿ ಒಂದೂ ತಪ್ಪಿಲ್ಲವೆಂದು ಬಂದ ಮೇಲೆ, ಮುಚ್ಚಿಟ್ಟವನ್ನು ತೆರೆದೆ. ಹತ್ತೊಂಬತ್ತು ತಪ್ಪು. ಆ ಜಾಲವನ್ನು ಕಸಕ್ಕೆ ಹಾಕಿ ತಿಕೋಟಾಕ್ಕೆ ಫೋನ್ ಮಾಡಿದೆ.

"ಅಕ್ಕಾ, ಇದು ಇನ್ನೂ ಕಲತಿಲ್ಲ. ಮೋಡ ಆಗ್ಯಾದ, ನೀ ಔಷಧ ಹೊಡದಬಿಡು."

"ಹೊಡದ ಬಂದ ಕುಂತೀನಿ" ಎಂದಳು. "ನೀ ಕಲತಿ, ಅಷ್ಟ ಸಾಕು."