ಪತ್ರಿಕೆಯ ಬಾಲ

ಮೊಮ್ಮಕ್ಕಳೇ, ನಿಮ್ಮೆಲ್ಲರಿಗಿಂತ ಹಿರಿಯಳಾದ ಸುಜಾತಾ ಕಲಬುರಗಿಯಿಂದ ರಜೆಗೆ ಬರುವಾಗ ತರುವ ಇಂಗ್ಲಿಷ್ ಪತ್ರಿಕೆಗಳಿಗೆ ಬಾಲವಿರುತ್ತದೆ. ನನಗೆ ಇಂಗ್ಲಿಷ್ ಬಾರದು. ಆದರೆ ಬಾಲವನ್ನು ಗುರುತಿಸಲು ಭಾಷೆ ಬೇಕಿಲ್ಲ. ಲೇಖನ ಮುಗಿದ ಮೇಲೆ ಅಕ್ಷರಗಳು ಇದ್ದಕ್ಕಿದ್ದಂತೆ ಸಣ್ಣವಾಗಿ, ಬೆಲ್ಲ ಕಂಡ ಇರುವೆಗಳಂತೆ ಸಾಲುಗಟ್ಟಿ ಪುಟದ ತಳದವರೆಗೆ ಇಳಿಯುತ್ತವೆ. ಅವು ಲೇಖಕರು ಯಾರ ಯಾರ ಮಾತನ್ನು ತಮ್ಮ ಮಾತಿಗೆ ಆಧಾರ ಮಾಡಿಕೊಂಡಿದ್ದಾರೋ ಅವರ ಹೆಸರುಗಳಂತೆ.

ಸುಜಾತಾಳ ಅಭ್ಯಾಸದ ವಿಷಯ, ದೊಡ್ಡ ಕಚೇರಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕು, ಬೇಕಾದಾಗ ಹೇಗೆ ತೆಗೆಯಬೇಕು ಎಂಬುದು. ಈ ವಿಷಯಕ್ಕಾಗಿಯೇ ಹುಟ್ಟಿಕೊಂಡ ಪತ್ರಿಕೆಗಳಲ್ಲಿ ಯಾವುದು ಹೆಚ್ಚು ಪ್ರಭಾವಶಾಲಿ ಎಂದು ತೂಗಿ ಹೇಳುವ ಕೆಲಸವನ್ನು ಅವಳ ಸರ್ ಅವಳಿಗೆ ವಹಿಸಿದ್ದಾರೆ. ತೂಗಲು ಎರಡು ದಾರಿಗಳಿವೆಯಂತೆ: ಪ್ರಾಧ್ಯಾಪಕರನ್ನೇ ಯಾವುದು ಶ್ರೇಷ್ಠ ಎಂದು ಕೇಳುವುದು ಒಂದು; ಒಂದು ಪತ್ರಿಕೆಯ ಹೆಸರು ಉಳಿದವುಗಳ ಬಾಲದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸುವುದು ಇನ್ನೊಂದು. ಅವಳು ಇದನ್ನೆಲ್ಲ ನನಗೆ ವಿವರಿಸಿದ್ದು, ನಾನು ಕೇಳುತ್ತೇನೆಂದಲ್ಲ, ಎದ್ದು ಹೋಗುವುದಿಲ್ಲವೆಂದು.

ಪತ್ರಿಕೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಲಗ್ನಪತ್ರಿಕೆ. ಅದಕ್ಕೂ ಬಾಲವುಂಟು. ಸುಖಾಗಮನ ಬಯಸುವವರೆಂದು ಕೆಳಗೆ ಅಚ್ಚಾದ ಹೆಸರುಗಳನ್ನು ನೋಡಿ ಮನೆತನದ ತೂಕ ಹೇಳುವವರು ಈಗಲೂ ಇದ್ದಾರೆ. ಚಿಂಚೋಳಿಯ ಬೀಗರು ತಮ್ಮ ಮಗಳ ಪತ್ರಿಕೆಯಲ್ಲಿ ನಮ್ಮ ಮಾವನವರ ಹೆಸರು ಹಾಕಿಸಿದ್ದರೆಂದು ನಾವು ನಮ್ಮ ಪತ್ರಿಕೆಯಲ್ಲಿ ಅವರದನ್ನು ಹಾಕಿಸಿದೆವು. ಎರಡೂ ಮನೆಗಳ ಪ್ರಭಾವ ಖರ್ಚಿಲ್ಲದೆ ಬೆಳೆಯಿತು. ನಿಮ್ಮ ಪಂಡಿತರಲ್ಲೂ ಹೀಗೆ ನಡೆಯುತ್ತದೆಯೇ ಎಂದು ಕೇಳಿದೆ. ಸುಜಾತಾ ಇನ್ನಷ್ಟು ಉಪ್ಪಿಟ್ಟು ಹಾಕಿಸಿಕೊಂಡಳು.

ಅವಳ ಮಾತು ನನಗೆ ಶಹಾಬಾದಿನ ವಾಚನಾಲಯವನ್ನು ನೆನಪಿಗೆ ತಂದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಹೊಸತು. ನಿಮ್ಮ ಅಜ್ಜ ವಾಡಿಯ ರೈಲ್ವೆಯಲ್ಲಿ ಗುಮಾಸ್ತರು, ಊರಲ್ಲಿ ವಾಚನಾಲಯದ ಕಾರ್ಯದರ್ಶಿ. ಫರ್ಸಿ ಕಲ್ಲಿನ ಆ ಕೋಣೆಗೆ ಹೆಂಗಸರು ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಹೋಗಬಹುದೆಂದೂ ಹೇಳಿರಲಿಲ್ಲ. ಅಲ್ಲಿಗೆ ಬರುವ ಹೆಂಗಸರ ಮಾಸಿಕವನ್ನು ಅಜ್ಜ ಶನಿವಾರ ಸಂಜೆ ಕಂಕುಳಲ್ಲಿ ತಂದು, ಸೋಮವಾರ ಒಯ್ದು ಅದರ ಜಾಗದಲ್ಲಿಡುತ್ತಿದ್ದರು. ನಾನು ಅದರಲ್ಲಿ ಸ್ವೆಟರಿನ ಚಿತ್ರ ನೋಡುತ್ತೇನೆಂದು ಅವರು ತಿಳಿದಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಅದರ ಸಂಪಾದಕರ ವಿಳಾಸದವರೆಗೆ ಪ್ರತಿಯೊಂದು ಅಕ್ಷರವನ್ನೂ ಓದುತ್ತಿದ್ದೆ. ಅದು ನಿಂತರೆ ನನಗೆ ಓದಲು ಉಳಿಯುವುದು ಬೆಲ್ಲ ಕಟ್ಟಿ ಬಂದ ಕಾಗದ ಮಾತ್ರ.

ಆ ಮಾಸಿಕದಲ್ಲಿ ಒಂದು ಪುಟ ‘ಅಕ್ಕ’ನದು. ಅಕ್ಕ ಎಂದಷ್ಟೇ ಸಹಿ. ಕೂಸಿಗೆ ಭೇದಿಯಾದರೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿ, ಕೊಡಕ್ಕೆ ಮುಚ್ಚಳ ಹಾಕಿ, ಬಾಣಂತಿಯನ್ನು ಉಪವಾಸ ಕೆಡವಬೇಡಿ ಎಂದು ಮುಂತಾಗಿ ಅವಳು ಹೇಳುತ್ತಿದ್ದಳು. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಖಾಜಾಬಿ ಬಂದು ಹೊಸ್ತಿಲಲ್ಲಿ ಕೂತು, “ಅಕ್ಕಾ ಏನಂತಾಳವಾ ಈ ಸಲ?” ಎನ್ನುವಳು. ನಾನು ಓದಿ ಹೇಳುವೆ. ಅವಳ ಮೊಮ್ಮಗ ಭೇದಿಯಿಂದ ಸೋತು ಕಣ್ಣು ಮೇಲೆ ಮಾಡಿದಾಗ ಡಾಕ್ಟರು ಬರುವವರೆಗೆ ಅವನನ್ನು ಹಿಡಿದಿಟ್ಟದ್ದು ಆ ಉಪ್ಪುಸಕ್ಕರೆಯ ನೀರು. ಅಂದಿನಿಂದ ಖಾಜಾಬಿ ಬಾವಿಕಟ್ಟೆಗೆ ಹೋದರೂ ವಾಡಿಯ ಸಂತೆಗೆ ಹೋದರೂ ಅಕ್ಕನ ಮಾತನ್ನು ಹಂಚಿ ಬರುತ್ತಿದ್ದಳು. ಪತ್ರಿಕೆಯ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೀಗಿರುವಾಗ ವಾಚನಾಲಯಕ್ಕೆ ಬರುತ್ತಿದ್ದ ನೆರವು ಕಡಿಮೆಯಾಗಿ, ಒಂದು ಮಾಸಿಕವನ್ನು ನಿಲ್ಲಿಸಲೇಬೇಕಾಯಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಪರೀಕ್ಷೆ ಮಾಡದೆ ಯಾರನ್ನೂ ನಪಾಸು ಮಾಡಿದವರಲ್ಲ. ಮೊದಲು ಓದುಗರನ್ನೇ ಕೇಳಿದರು. ತತ್ತ್ವವಿಚಾರದ ಮಾಸಿಕವೇ ಸರ್ವಶ್ರೇಷ್ಠ ಎಂದು ಎಲ್ಲರೂ ಒಂದೇ ಬಾಯಿಯಲ್ಲಿ ಹೇಳಿದರು. ಹೆಂಗಸರ ಮಾಸಿಕವನ್ನು ಕೋಣೆಯಲ್ಲಿ ಕೂತು ಓದಿದ ಒಬ್ಬನೂ ಸಿಗಲಿಲ್ಲ. ಆದರೂ ಹೆಡ್‌ಮಾಸ್ತರರಿಗೆ ತೃಪ್ತಿಯಾಗದೆ, ಜನ ಮಾತಾಡುವಾಗ ಯಾವ ಪತ್ರಿಕೆಯ ಆಧಾರ ಕೊಡುತ್ತಾರೆಂದು ಕಿವಿಗೊಟ್ಟು ಕೇಳಿ ಬರಲು ಅಜ್ಜನಿಗೆ ಹೇಳಿದರು. ಸುಜಾತಾಳ ಸರ್ ಹೇಳುವ ಎರಡನೆಯ ದಾರಿ ಇದೇ; ಶಹಾಬಾದಿನಲ್ಲಿ ಅದಕ್ಕೆ ಕಂಪ್ಯೂಟರು ಬೇಕಾಗಲಿಲ್ಲ, ಚಹಾದಂಗಡಿ ಸಾಕಾಯಿತು.

ವರದಿ ಒಪ್ಪಿಸುವ ಸಭೆ ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯಿತು. ನಾನು ಒಳಗೆ ಚಹಾ ಕಾಸುತ್ತಿದ್ದೆ. ಅಜ್ಜ ಹೇಳಿದ್ದಿಷ್ಟು: ಜನ ಯಾವ ಪತ್ರಿಕೆಯ ಹೆಸರನ್ನೂ ಎತ್ತುವುದಿಲ್ಲ, ಆದರೆ ಕಲ್ಲು ಖಣಿಯವರು, ದರ್ಜಿಗಳು, ಗಾಡಿ ಕಾಯುವವರು, ಎಲ್ಲರೂ ಅಕ್ಕ ಎಂಬ ಒಬ್ಬ ಹೆಣ್ಣುಮಗಳ ಮಾತು ಹೇಳುತ್ತಾರೆ. ಹೆಂಡತಿ ಕೊಡಕ್ಕೆ ಮುಚ್ಚಳ ಹಾಕಿದ್ದು ಅಕ್ಕ ಹೇಳಿದ್ದಕ್ಕೆ, ಬಾಣಂತಿಗೆ ಹಾಲು ಕೊಟ್ಟದ್ದು ಅಕ್ಕ ಹೇಳಿದ್ದಕ್ಕೆ. ಈಕೆ ಯಾರೆಂದು ಚರ್ಚೆಯಾಯಿತು. ಚಿತ್ತಾಪುರದ ಕಡೆಯ ನರ್ಸಮ್ಮ ಇರಬೇಕೆಂದು ಹೆಡ್‌ಮಾಸ್ತರರು ಊಹಿಸಿದರು. ತಮ್ಮ ನಾದಿನಿಯೂ ಅಕ್ಕನ ಮಾತು ಹೇಳುವುದರಿಂದ ಆಕೆ ಸೇಡಂದವಳೇ ಎಂದು ಒಬ್ಬ ಸದಸ್ಯರು ಹಟ ಹಿಡಿದರು. ಇನ್ನೊಬ್ಬರು ಆಕೆಯನ್ನು ವಾಡಿ ಸ್ಟೇಷನ್ನಿನಲ್ಲಿ ನೋಡಿದ್ದರು, ಕನ್ನಡಕ ಹಾಕಿಕೊಂಡಿದ್ದಳಂತೆ.

ಕೊನೆಗೆ ಎರಡು ಠರಾವುಗಳಾದವು. ಯಾರೂ ಓದದ ಹೆಂಗಸರ ಮಾಸಿಕವನ್ನು ಮುಂದಿನ ತಿಂಗಳಿಂದ ನಿಲ್ಲಿಸುವುದು ಒಂದು. ಇಷ್ಟು ಪ್ರಭಾವವುಳ್ಳ ಅಕ್ಕನನ್ನು ಹುಡುಕಿ, ವಾಚನಾಲಯಕ್ಕೆ ಕರೆಸಿ, ಶಾಲು ಹೊದಿಸಿ ಉಪನ್ಯಾಸ ಮಾಡಿಸುವುದು ಇನ್ನೊಂದು.

ಚಹಾ ಉಕ್ಕಿತು. ಸಭೆಯಲ್ಲಿರಲಿ, ಮಾವನವರ ಮುಂದೆಯೂ ನಾನು ದನಿ ತೆಗೆದವಳಲ್ಲ. ಆದರೆ ಭಾನುವಾರ ಖಾಜಾಬಿ ಹೊಸ್ತಿಲಲ್ಲಿ ಕೂತು ಕೇಳಿದರೆ ಏನು ಓದಲಿ? ಬಾಗಿಲ ಮರೆಯಲ್ಲಿ ನಿಂತು ಹೇಳಿದೆ; ಸೆರಗು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ಎರಡು ಸಲ ಹೇಳಬೇಕಾಯಿತು.

“ಅದು ನಿಲ್ಲಿಸಿದ್ರ ಅಕ್ಕ ಬರಂಗಿಲ್ರಿ.”

ಯಾಕೆಂದು ಅಜ್ಜ ಕೇಳಿದರು.

“ಅಕ್ಕ ಇರಾದೇ ಅದ್ರಾಗರಿ.”

ಅಜ್ಜ ಒಳಗೆ ಬಂದು, ಹಿಟ್ಟಿನ ಡಬ್ಬಿಯ ಮೇಲಿದ್ದ ಸಂಚಿಕೆಯನ್ನು ಅರಿಷಿಣದ ಕಲೆಯ ಸಮೇತ ಒಯ್ದು ಹೆಡ್‌ಮಾಸ್ತರರ ಕೈಗಿತ್ತರು. ಅವರು ಆ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದರು. ರಾತ್ರಿಯ ಊಟಕ್ಕೆ ಎಣ್ಣೆ ಕಡಿಮೆ ಮಾಡಬೇಕೆಂದು ಅದರಲ್ಲಿತ್ತು.

“ಅಂದ್ರ ನಮ್ಮ ಮನಿ ಕಾರಭಾರ ಈ ಪುಸ್ತಕ ಮಾಡಾಕತ್ತದ,” ಎಂದರು. ಚಹಾ ಮುಗಿದ ಮೇಲೆ, ತತ್ತ್ವದ ಮಾಸಿಕವನ್ನು ನಿಲ್ಲಿಸಬಹುದು, ಅದನ್ನು ಸದಸ್ಯರೆಲ್ಲ ಈಗಾಗಲೇ ಅರಗಿಸಿಕೊಂಡಿದ್ದಾರೆ ಎಂದು ಸೂಚಿಸಿದರು. ಅಚ್ಚುಕೂಟದಿಂದ ಅಂಟಿಕೊಂಡೇ ಬಂದ ಅದರ ಹಾಳೆಗಳನ್ನು ಯಾರೂ ಬಿಡಿಸಿರಲಿಲ್ಲವೆಂಬುದನ್ನು ಠರಾವಿನಲ್ಲಿ ಬರೆಯಲಿಲ್ಲ.

ಎಲ್ಲರೂ ಹೋದ ಮೇಲೆ ಅಜ್ಜ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ ಎಂದೆ. ಅವರು ಮಾಸಿಕವನ್ನು ಮತ್ತೆ ಹಿಟ್ಟಿನ ಡಬ್ಬಿಯ ಮೇಲಿಟ್ಟರು. ಆ ಸಲ ಸೋಮವಾರ ಒಯ್ಯುವುದನ್ನು ಮರೆತರು. ಮುಂದೆಯೂ ಮರೆಯುತ್ತ ಬಂದರು.

ಹೀಗಾಗಿ ಸುಜಾತಾಳಿಗೆ ನಾನು ಹೇಳಿದ್ದು, ಎಣಿಸು, ಎಣಿಸಬೇಡವೆನ್ನುವುದಿಲ್ಲ. ಆದರೆ ಹೆಸರೆತ್ತದೆ ಆ ಮಾತಿನಂತೆ ನಡೆದುಕೊಳ್ಳುವವರೂ ಇರುತ್ತಾರೆ. ನಿಮ್ಮ ಅಜ್ಜನ ಹೆಸರನ್ನು ನಾನು ಮದುವೆಯಲ್ಲಿ ಎಲ್ಲರೂ ಪೀಡಿಸಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ, ಪಕ್ಕದವರಿಗೂ ಕೇಳದಂತೆ ಒಮ್ಮೆ ಹೇಳಿದ್ದು ಬಿಟ್ಟರೆ ಬಾಯಿಂದ ಆಡಿಲ್ಲ. ಅವರು ಹೋದ ಮೇಲೆ ಪಿಂಚಣಿ ಕಚೇರಿಯಲ್ಲಿ ಕೇಳಿದಾಗಲೂ ನಿಮ್ಮ ಅಪ್ಪನೇ ಹೇಳಿದ. ಬಾಲ ಎಣಿಸುವವರ ಲೆಕ್ಕದಲ್ಲಿ ನನ್ನ ಬಾಳಿನ ಮೇಲೆ ಅವರ ಪ್ರಭಾವ ಸೊನ್ನೆ. ನಾನೀಗ ನಿಮಗೆ ಬರೆಯುತ್ತಿರುವ ಈ ಅಕ್ಷರಗಳೆಲ್ಲ ಶನಿವಾರ ಸಂಜೆ ಅವರ ಕಂಕುಳಲ್ಲಿ ಮನೆಗೆ ಬಂದವು.

ಇದಕ್ಕೂ ಒಂದು ಬಾಲ ಬೇಕೆಂದು ಸುಜಾತಾ ಹೇಳುತ್ತಾಳೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಅವಳೇ ಬರೆಯಲಿ, ಮೊಮ್ಮಗಳು ಅಜ್ಜನ ಹೆಸರು ಹೇಳಬಹುದು.