ನಾನು ಎತ್ತಿಟ್ಟ ತಂತಿ

ದೆವ್ವ, ಪವಾಡ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಹೊಸೂರಿನಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಕಾಲ. ಕಾರ್ಖಾನೆಯಲ್ಲಿ ಇಡೀ ದಿನ ನಿಂತು ಸೋತು, ಮಳೆ ಬಿಟ್ಟ ಮೇಲೆ ಸಂಜೆ ಮತ್ತಿಗಿರಿಯ ನಮ್ಮ ಬೀದಿಗೆ ಬಂದೆ. ಚಪ್ಪಲಿ ಕೆಸರಿನಲ್ಲಿ ಕಿತ್ತು ಕೈಗೆ ಬಂದಿತ್ತು. ಬೀದಿಯಲ್ಲೆಲ್ಲೂ ದೀಪವಿಲ್ಲ. ಎದುರುಮನೆಯ ಮುನಿರಾಜು ಮಾತ್ರ ಮಗಳ ನಾಮಕರಣಕ್ಕೆಂದು ಬಾಡಿಗೆಗೆ ಜನರೇಟರ್ ತಂದಿದ್ದ. ಅದರ ಗಡಗಡ ಸದ್ದಿಗೆ ತಲೆ ಸಿಡಿಯುತ್ತಿತ್ತು.

ಗಾಳಿಗೆ ಕಂಬದ ತಂತಿ ತುಂಡಾಗಿ ದಾರಿಗೆ ಅಡ್ಡ ಬಿದ್ದಿತ್ತು. ನಾಮಕರಣಕ್ಕೆ ಬರುವ ಮಕ್ಕಳು ಎಡವಿಯಾರು ಅನ್ನಿಸಿತು. ಕರೆಂಟೇ ಇಲ್ಲವಲ್ಲ, ಇನ್ನೇನು ಭಯ? ನೀರಿನಲ್ಲಿ ಬರಿಗಾಲಲ್ಲಿ ನಿಂತು, ಒದ್ದೆ ಕೈಯಲ್ಲೇ ಅದನ್ನು ಎತ್ತಿ ಪಕ್ಕದ ಖಾಲಿ ಸೈಟಿನೊಳಕ್ಕೆ ಹಾಕಿದೆ.

ಮನೆಯ ಮುಂದೆ ಕಾಲು ತೊಳೆಯುತ್ತಿದ್ದಾಗ ಮುನಿರಾಜುವಿನ ಮೇಕೆ ಒಂದೇ ಸಲ ಕಿರುಚಿತು. ನೋಡಿದರೆ ಆ ತಂತಿಯ ಮೇಲೆ ಬಿದ್ದಿದೆ. ಎಳೆಯಲು ಓಡಿದೆ.

"ತೊಡಾದೀಂಗ! ಮುಟ್ಬ್ಯಾಡಿ, ಹಿಂದಕ್ಕೋಗಿ!" ಎಂದು ತಮಿಳು ಬೆರೆಸಿ ಕೂಗಿದವನು, ತಂತಿ ಸರಿಮಾಡಲು ಆಗಷ್ಟೇ ಬಂದಿದ್ದ ಲೈನ್‌ಮ್ಯಾನ್. "ಟ್ರಾನ್ಸ್‌ಫಾರ್ಮರ್ ನಾನೇ ಆಫ್ ಮಾಡ್ಬುಟ್ಟು ಬಂದಿವ್ನಿ. ಇದುಕ್ಕೆಲ್ಲಿಂದ ಬತ್ತು ಕರೆಂಟು?"

ಜನರೇಟರ್ ಸದ್ದು ಕೇಳಿದ್ದೇ ಮುನಿರಾಜುವಿನ ಮನೆಯೊಳಗೆ ನುಗ್ಗಿ ಅದನ್ನು ನಿಲ್ಲಿಸಿದ. ಅದರ ವೈರನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿದ್ದರು, ಮೈನ್ ಸ್ವಿಚ್ ಆಫ್ ಮಾಡಿರಲಿಲ್ಲ. ಕರೆಂಟು ಮನೆಯಿಂದ ಹಿಂದಕ್ಕೆ ಹರಿದು, ಬಿದ್ದ ತಂತಿಗೆ ಬಂದಿತ್ತು.

"ನಾನು ಕಂಬ ಹತ್ತಿದ್ದಿದ್ರೆ ನನ್ನೆಂಡ್ತಿಗೆ ಯಾರ್ಲಾ ಉತ್ರ ಕೊಡೋರು?" ಎಂದು ಮುನಿರಾಜುವನ್ನು ಬೈದ.

"ಮಧ್ಯೆ ಎಲ್ಲಾದ್ರೂ ಜನರೇಟರ್ ನಿಲ್ಸಿದ್ಯೇನ್ಲಾ?" ಎಂದೆ ನಾನು.

"ಇಲ್ಲ ಕಣಣ್ಣ, ಮಗೀನಾಣೆ. ಮಧ್ಯಾನದಿಂದ ಓಡ್ತಾನೇ ಅದೆ."

ನನಗೂ ಗೊತ್ತು. ಆ ಸದ್ದನ್ನು ಬೈದುಕೊಂಡೇ ನಾನು ತಂತಿ ಎತ್ತಿದ್ದು. ಈ ಕೈಯಲ್ಲೇ ಎತ್ತಿಟ್ಟೆ ಎಂದು ಹೇಳಿದರೆ ಲೈನ್‌ಮ್ಯಾನ್ ನಂಬಲಿಲ್ಲ. "ಹಿಡಿದಿದ್ರೆ ಹೇಳಕ್ಕೆ ನೀನೆಲ್ಲಿರ್ತಿದ್ದೆ ಅಣ್ಣ?" ಎಂದ.

ಅಂದು ನನ್ನವಳು ನನ್ನ ಬಲಗೈ ಹಿಡಿದುಕೊಂಡೇ ಮಲಗಿದಳು. "ಬಿಡೇ, ಸಾಕಾಗದೆ, ನಿದ್ದೆ ಬತ್ತದೆ" ಎಂದೆ. "ನೀವ್ ಮಲೀಕಳಿ" ಎಂದಳು, ಬಿಡಲಿಲ್ಲ.

ಮೇಕೆಗೆ ಹೊಡೆದದ್ದು ನನಗೇಕೆ ಹೊಡೆಯಲಿಲ್ಲವೋ ಇವತ್ತಿಗೂ ತಿಳಿಯದು. ಈ ಮಾತು ತೆಗೆದರೆ ಈಗ ಬೇರೆಯವರು ಎದ್ದು ಹೋಗುತ್ತಾರೆ. ನಾನು ತಡೆಯುವುದಿಲ್ಲ. ಹೋಗುವಾಗ, ಕರೆಂಟು ಇರಲಿ ಬಿಡಲಿ, ಬಿದ್ದ ತಂತಿ ಮಾತ್ರ ಮುಟ್ಟಬೇಡಿ ಎನ್ನುತ್ತೇನೆ.