ಓದಿ ಹೇಳಿದ ಸಿನಿಮಾಗಳು

ಸಿನಿಮಾದಲ್ಲಿ ಪ್ರೇಮಿಯೊಬ್ಬ ವಿಮಾನ ನಿಲ್ದಾಣಕ್ಕೆ ಧಾವಿಸುವಾಗ ದಾರಿಯಲ್ಲಿ ಒಂದೇ ಒಂದು ಲಾರಿಯೂ ಅಡ್ಡ ಬರುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿ ಗಮನಿಸಿ ರಕ್ತದೊತ್ತಡದ ಮಾತ್ರೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿಕೊಂಡಿದ್ದೇನೆ. ಎರಡು ಗಂಟೆ ಕಾಲ ಎದುರೆದುರು ಕೂತು ಕಾಫಿ ಕುಡಿಯುವಾಗ ಮೂಡದ ಅನುರಾಗ, ನಾಯಕಿ ಸೂಟ್‌ಕೇಸ್ ಎಳೆದುಕೊಂಡು ವಿಮಾನ ಹತ್ತುವುದಕ್ಕೆ ಹತ್ತು ನಿಮಿಷ ಬಾಕಿ ಇರುವಾಗ ನಾಯಕನಲ್ಲಿ ಉಕ್ಕಿ ಬರುತ್ತದೆ. ಆತ ಊರಿನ ಇನ್ನೊಂದು ಮೂಲೆಯಿಂದ ಹೊರಟು, ಅರ್ಧ ದಾರಿ ಟ್ಯಾಕ್ಸಿಯಲ್ಲಿ, ಅರ್ಧ ದಾರಿ ಕಾಲಲ್ಲಿ, ಒಂದು ಹನಿ ಬೆವರದೆ ತಲುಪಿಬಿಡುತ್ತಾನೆ. ನಮ್ಮ ಮಂಗಳೂರಿನ ಕಂಕನಾಡಿಯಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೊರಟಿದ್ದರೆ ಆ ಮಹಾಶಯನಿಗೆ ನಂತೂರು ಸರ್ಕಲ್ಲಿನ ಟ್ರಾಫಿಕ್ಕಿನಲ್ಲೇ ತನ್ನ ಪ್ರೇಮದ ಸಾಧಕಬಾಧಕಗಳನ್ನು ಮರುಪರಿಶೀಲಿಸುವಷ್ಟು ಪುರುಸೊತ್ತು ಸಿಗುತ್ತಿತ್ತು. ಹೇಗೋ ತಲುಪಿದನೆಂದೇ ಇಟ್ಟುಕೊಳ್ಳಿ. ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು ಟಿಕೆಟ್ ಎಲ್ಲಿ ಎಂದು ಕೇಳುವುದಿಲ್ಲವೇ? ಸಿನಿಮಾದವರ ಪ್ರಕಾರ ಕೇಳುವುದಿಲ್ಲ.

ಈ ಬಗೆಯ ಸಿಟ್ಟು ನನಗೆ ಹವ್ಯಾಸವಲ್ಲ, ವೃತ್ತಿಯಿಂದ ಅಂಟಿದ ರೋಗ. ನಲವತ್ತು ವರ್ಷ ಮಂಗಳೂರಿನ ನ್ಯಾಯಾಲಯಗಳಲ್ಲಿ ಪಾಲಿನ ದಾವೆ, ಗಡಿ ತಕರಾರು ಎಂದು ವಾದಿಸಿ ಕಪ್ಪು ಕೋಟನ್ನು ಕಪಾಟಿಗೆ ಸೇರಿಸಿದ ಮೇಲೂ ಆಕ್ಷೇಪಣೆ ಎತ್ತುವ ಚಟ ನನ್ನನ್ನು ಬಿಡಲಿಲ್ಲ. ಮನೆಯ ವಿಷಯಗಳಲ್ಲಿ ಆಕ್ಷೇಪಣೆ ಎತ್ತಿದರೆ ಹೆಂಡತಿ ಸುಜಾತಾ ವಿಚಾರಣೆಗೇ ತೆಗೆದುಕೊಳ್ಳದೆ ವಜಾ ಮಾಡುತ್ತಾಳೆ. ಉಳಿದದ್ದು ಟಿ.ವಿ. ಒಂದೇ, ಅದು ತಿರುಗಿ ಮಾತಾಡುವುದಿಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಜೊತೆ ಸಿನಿಮಾ ನೋಡಲು ಬರುವವರು ಪಕ್ಕದ ಮನೆಯ ಗ್ರೇಸಿ ಬಾಯಿ. ‘ನೋಡಲು’ ಎಂಬುದು ಅವರದೇ ಮಾತು, ನಾನು ತಿದ್ದುವುದಿಲ್ಲ. ಮಸ್ಕತ್ತಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದು, ತಂಗಿಯರಿಬ್ಬರ ಮದುವೆ ಮಾಡಿಸಿ, ತಾನು ಮಾತ್ರ ಮದುವೆಯ ಗೊಡವೆಗೆ ಹೋಗದೆ ಊರಿಗೆ ಮರಳಿದ ಈ ಹೆಂಗಸಿನ ಎರಡೂ ಕಣ್ಣುಗಳ ನಡುಭಾಗ ಈಗ ಮಸುಕಾಗಿದೆ. ಗೇಟು ತೆಗೆದವರು ಯಾರೆಂದು ನಡಿಗೆ ನೋಡಿ ಹೇಳಬಲ್ಲರು. ಮುಖ ಕಾಣಿಸುವುದಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ನಮ್ಮ ಸಿನಿಮಾಗೋಷ್ಠಿಗೆ ಅವರೇ ನಿಯಮ ಮಾಡಿದ್ದರು. ಒಂದು ವಾರ ಥ್ರಿಲ್ಲರ್, ಒಂದು ವಾರ ಅಳಿಸುವಂಥದ್ದು, ಒಂದು ವಾರ ನಗಿಸುವ ಲವ್ ಸ್ಟೋರಿ, ಮತ್ತು ಎಲ್ಲವೂ ಪರದೇಶದ್ದೇ ಆಗಬೇಕು.

“ನಮ್ಮ ಕಡೆಯ ಸಿನಿಮಾ ಆದ್ರೆ ನನಗೆ ಕೇಳಿದ್ರೇ ಗೊತ್ತಾಗ್ತದೆ ಶೆಟ್ರೆ, ಅದಕ್ಕೆ ನೀವು ಎಂತಕ್ಕೆ?” ಎಂದಿದ್ದರು.

ಹೀಗಾಗಿ ಕೊರಿಯಾದವರೂ ಸ್ಪೇನಿನವರೂ ತಮ್ಮ ತಮ್ಮ ಭಾಷೆಯಲ್ಲಿ ಅರಚುವಾಗ ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಬ್‌ಟೈಟಲ್ಲನ್ನು ಹಿಡಿದು ನಿಲ್ಲಿಸಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. ಒಂದು ಸಾಲು ಹೇಳಿ ಮುಗಿಸುವಷ್ಟರಲ್ಲಿ ಮೂರು ಸಾಲು ಓಡಿಹೋಗಿರುತ್ತವೆ. ಜೊತೆಗೆ ನನ್ನ ಸ್ವಂತ ಟೀಕೆಟಿಪ್ಪಣಿಗಳಿಗೂ ಜಾಗ ಬೇಕಲ್ಲ.

ಟೀಕೆಗೆ ವಸ್ತುವಿನ ಬರವೇ ಇಲ್ಲ. ಥ್ರಿಲ್ಲರುಗಳಲ್ಲಿ ಮನೆಗೆ ಕರೆಂಟ್ ಇದ್ದರೂ ಯಾರೊಬ್ಬರೂ ಸ್ವಿಚ್ ಹಾಕುವುದಿಲ್ಲ. ಕೊಲೆಗಾರ ಒಳಗಿದ್ದಾನೆಂದು ತಿಳಿದೂ ಸಣ್ಣ ಟಾರ್ಚ್ ಹಿಡಿದು, ಒಬ್ಬೊಬ್ಬರಾಗಿ, ನೆಲಮಾಳಿಗೆಗೇ ಇಳಿಯುತ್ತಾರೆ. ಪತ್ತೇದಾರ ಗಡ್ಡ ಬೋಳಿಸುವುದಿಲ್ಲ, ಹೆಂಡತಿ ಬಿಟ್ಟುಹೋಗಿರುತ್ತಾಳೆ, ಗೋಡೆ ತುಂಬ ಫೋಟೋ ಅಂಟಿಸಿ ಅದರಿಂದ ಇದಕ್ಕೆ ಕೆಂಪು ನೂಲು ಎಳೆದಿರುತ್ತಾನೆ. ನಲವತ್ತು ವರ್ಷದಲ್ಲಿ ನಾನು ಹೊಕ್ಕ ಯಾವ ಠಾಣೆಯ ಗೋಡೆಯಲ್ಲೂ ನೂಲು ಕಂಡಿಲ್ಲ, ಕಂಡದ್ದು ಕ್ಯಾಲೆಂಡರ್ ಮಾತ್ರ. ಇನ್ನು ಗಂಭೀರ ಚಿತ್ರಗಳೋ, ಅವುಗಳಲ್ಲಿ ದುಃಖವಾದವರೆಲ್ಲ ಸಮುದ್ರದ ದಂಡೆಗೆ ಹೋಗಿ ಆರು ನಿಮಿಷ ನೀರನ್ನೇ ನೋಡಿ, ಬದುಕಿನ ಸತ್ಯವನ್ನು ಕಂಡುಕೊಂಡು ಮನೆಗೆ ಬರುತ್ತಾರೆ. ನಾವು ಹುಟ್ಟಿದಲ್ಲಿಂದ ಸಮುದ್ರ ನೋಡುತ್ತ ಬಂದವರು. ಇವತ್ತು ಬಂಗುಡೆ ಮೀನು ಬಂದಿದೆಯೋ ಇಲ್ಲವೋ ಎಂಬುದರ ಹೊರತು ಬೇರೆ ಸತ್ಯ ಅಲ್ಲಿ ನಮಗೆ ಯಾವತ್ತೂ ಹೊಳೆದದ್ದಿಲ್ಲ. ನ್ಯಾಯಾಲಯದ ದೃಶ್ಯಗಳ ಬಗ್ಗೆ ನಾನು ಮಾತಾಡದಿರುವುದೇ ಲೇಸು. ತೀರ್ಪಿನ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಸಾಕ್ಷಿಯೊಬ್ಬ ನುಗ್ಗುತ್ತಾನೆ, ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ. ಸಾಕ್ಷಿಪಟ್ಟಿ ಎಂಬುದೊಂದು ಇದೆ, ಸ್ವಾಮಿ.

“ಅದು ಸಿನಿಮಾ ಮಾರಾಯ್ರೆ, ಬಿಡಿ” ಎನ್ನುತ್ತಿದ್ದರು ಗ್ರೇಸಿ ಬಾಯಿ. ಆದರೆ ಆಸ್ಪತ್ರೆಯ ಹಾಸಿಗೆಯಿಂದ ನಾಯಕಿ ಕೈಗೆ ಚುಚ್ಚಿದ ಡ್ರಿಪ್ ಕಿತ್ತೆಸೆದು ಓಡಿದಳು ಎಂದು ನಾನು ಹೇಳಿದರೆ ಸಾಕು, ಅವರು ಕುರ್ಚಿಯ ತುದಿಗೆ ಬರುತ್ತಿದ್ದರು. ರಕ್ತ ಎಲ್ಲಿ, ಹತ್ತಿ ಒತ್ತಿ ಹಿಡಿದಳೋ ಇಲ್ಲವೋ, ಡ್ಯೂಟಿಯಲ್ಲಿದ್ದ ನರ್ಸ್ ಎಲ್ಲಿ ಹೋಗಿದ್ದಳು ಎಂದು ಅಡ್ಡಪ್ರಶ್ನೆಗಳ ಸುರಿಮಳೆ. ನನಗೆ ಆ ಡ್ರಿಪ್ಪಿನಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ನಮ್ಮ ನಮ್ಮ ಅಂಗಳದ ಸುಳ್ಳು ಮಾತ್ರ ನಮಗೆ ಕಣ್ಣಿಗೆ ಕುಕ್ಕುತ್ತದೆ. ವಿಮಾನ ನಿಲ್ದಾಣದ ಓಟವನ್ನಂತೂ ಅವರು ಒಂದು ಸಲವೂ ಆಕ್ಷೇಪಿಸಿದ್ದಿಲ್ಲ. ನಾನು ನಂತೂರಿನ ವಿಷಯ ಎತ್ತಿದರೆ, “ಓಡ್ಲಿ ಬಿಡಿ ಶೆಟ್ರೆ, ನಿಮಗೆಂತ ನಷ್ಟ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಇಲ್ಲಿ ನನ್ನ ಇನ್ನೊಂದು ಹಳೆಯ ಸಿಟ್ಟನ್ನು ಹೇಳಬೇಕು. ನಮ್ಮೂರ ಕಟಕಟೆಯಲ್ಲಿ ಸಾಕ್ಷಿ ತುಳುವಿನಲ್ಲಿ ಹೇಳುತ್ತಾನೆ, ಅದು ಬರಹಕ್ಕಿಳಿಯುವುದು ಇನ್ನೊಂದು ಭಾಷೆಯಲ್ಲಿ. ಕೊನೆಗೆ ಅದನ್ನು ಅವನಿಗೆ ಓದಿ ಹೇಳಿ, ‘ಓದಿ ಹೇಳಲಾಯಿತು, ಸರಿ ಇದೆ’ ಎಂದು ಸಹಿ ಹಾಕಿಸುತ್ತಾರೆ. ನಾನಿನ್ನೂ ಎಳೆಯ ವಕೀಲನಾಗಿದ್ದಾಗ ಮುದುಕಿಯೊಬ್ಬಳು, ‘ಅವನು ಬಂದದ್ದನ್ನು ನಾನು ನೋಡಲಿಲ್ಲ, ಕೆಮ್ಮಿದ್ದು ಕೇಳಿತು’ ಎಂದದ್ದು ‘ಬಂದದ್ದನ್ನು ನೋಡಿದೆ’ ಎಂದು ದಾಖಲಾಯಿತು. ನಾನು ಎದ್ದು ನಿಂತು, ಆಕೆಯ ಬಾಯಿಂದ ಬಾರದ ಮಾತನ್ನು ಆಕೆಯ ಬಾಯಿಗೆ ತುರುಕುವ ಹಕ್ಕು ಯಾರಿಗೂ ಇಲ್ಲವೆಂದು ಅರ್ಧ ಗಂಟೆ ಕೂಗಾಡಿದೆ. ಆ ಭಾಷಣವನ್ನು ಆಮೇಲೆ ಎಷ್ಟು ಮದುವೆಯೂಟಗಳಲ್ಲಿ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಂಥ ನಾನು ಗ್ರೇಸಿ ಬಾಯಿಯ ಎದುರು ಕೂತು ಏನು ಮಾಡಿದೆ, ಕೇಳಿ. ಮೊದಮೊದಲು ಬೈಗುಳಗಳನ್ನು ಬಿಟ್ಟೆ. ಕೊರಿಯಾದ ಗೂಂಡಾಗಳು ಪರಸ್ಪರ ‘ಮಾರಾಯ’ ಎಂದು ಕರೆದುಕೊಳ್ಳತೊಡಗಿದರು. ಬಳಿಕ ಒಂದು ಅಳಿಸುವ ಚಿತ್ರದಲ್ಲಿ ಮೊಮ್ಮಗಳ ಕೈ ಹಿಡಿದು ಸತ್ತ ಅಜ್ಜನನ್ನು ನಾನು ಬದುಕಿಸಿದೆ. ಎರಡೂವರೆ ಗಂಟೆ ಆತನನ್ನು ಕೆಮ್ಮಿಸಿ ಕೊನೆಗೆ ಕೊಂದ ನಿರ್ದೇಶಕನ ಮೇಲೆ ನನಗೆ ಅಷ್ಟು ಕೋಪ ಬಂದಿತ್ತು. ಗ್ರೇಸಿ ಬಾಯಿ ಆತನನ್ನು ಯಾವ ವಾರ್ಡಿಗೆ ಶಿಫ್ಟ್ ಮಾಡಿದರು ಎಂದು ಕೇಳಿದರು. ಜನರಲ್ ವಾರ್ಡ್ ಎಂದೆ. ಹೀಗೆ ನಾನು ತಿದ್ದಿದ ಅಂತ್ಯಗಳು ಐದೋ ಆರೋ ಆದವು, ಮತ್ತು ಹೇಳಿದರೆ ನಾಚಿಕೆ, ಪ್ರತಿಯೊಂದೂ ಮೂಲಕ್ಕಿಂತ ಚೆನ್ನಾಗಿತ್ತು ಎಂದೇ ನನ್ನ ಅಭಿಪ್ರಾಯವಾಗಿತ್ತು.

ಮಳೆ ಶುರುವಾದ ವಾರ ಒಂದು ಥ್ರಿಲ್ಲರ್ ಬಂತು. ಆಸ್ಪತ್ರೆಯಲ್ಲಿ ರೋಗಿಗಳು ಒಬ್ಬೊಬ್ಬರೇ ಸಾಯುತ್ತಾರೆ. ಕೊನೆಯಲ್ಲಿ ನೋಡಿದರೆ ಇಂಜೆಕ್ಷನ್ ಚುಚ್ಚಿ ಕೊಂದದ್ದು ಎಲ್ಲರ ಹಣೆ ಸವರುತ್ತಿದ್ದ ವಯಸ್ಸಾದ ನರ್ಸ್. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕತೆ ಬರೆದವನು ಹುಟ್ಟುವಾಗ ಕೈಚಾಚಿ ಹಿಡಿದವರು ಯಾರು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವರು ಯಾರು? ಪಕ್ಕದಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದವರು ಕಿವಿ ನಿಮಿರಿಸಿ ಕೂತಿದ್ದಾರೆ. ಯೋಚಿಸುವುದಕ್ಕೆ ಎರಡು ಸೆಕೆಂಡ್ ಕೂಡ ಇರಲಿಲ್ಲ. ಕೊಂದದ್ದು ಆಸ್ಪತ್ರೆಯ ವಕೀಲ ಎಂದುಬಿಟ್ಟೆ. ಸ್ವಂತ ಕುಲವನ್ನೇ ಬಲಿಕೊಟ್ಟ ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.

“ನನಗೆ ಮೊದಲೇ ಡೌಟ್ ಇತ್ತು ಶೆಟ್ರೆ, ಆ ವಕೀಲನ ಸ್ವರವೇ ಸರಿಯಿರ್ಲಿಲ್ಲ” ಎಂದು ಗ್ರೇಸಿ ಬಾಯಿ ಖುಷಿಯಿಂದ ಮನೆಗೆ ಹೋದರು.

ಮರುದಿನ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಅದೇ ಸಿನಿಮಾದ ಮಾತು ಬಂತಂತೆ. ಗ್ರೇಸಿ ಬಾಯಿ ವಕೀಲನ ಕತೆ ಹೇಳಿದರು. ನೋಡಿದ್ದವರು ನಕ್ಕರು. ಯಾರೋ ಒಬ್ಬರು ಮೆಲ್ಲನೆ, “ಪಾಪ, ಅವರಿಗೆ ಕಾಣುದಿಲ್ಲ ಅಲ್ವಾ” ಎಂದರು. ಗ್ರೇಸಿ ಬಾಯಿ ಅಲ್ಲಿಂದ ನೇರ ನಮ್ಮ ಗೇಟಿಗೆ ಬಂದರು, ಒಳಗೆ ಬರಲಿಲ್ಲ.

“ಕೊಂದದ್ದು ಯಾರು ಶೆಟ್ರೆ?”

“ನರ್ಸ್.”

“ಮತ್ತೆ ನೀವು ಸುಳ್ಳು ಹೇಳಿದ್ದು ಎಂತಕ್ಕೆ?”

ನಿಮಗೆ ಬೇಜಾರಾಗುತ್ತದೆ ಅಂತ ಎಂದೆ. ಅವರು ಸ್ವರ ಏರಿಸಲಿಲ್ಲ.

“ಪೇಶೆಂಟ್‌ಗೆ ಬೇಜಾರಾಗ್ತದೆ ಅಂತ ಮನೆಯವರು ಸುಳ್ಳು ಹೇಳಿಸ್ಲಿಕ್ಕೆ ಬರ್ತಿದ್ರು ನನ್ನ ಹತ್ರ. ಮೂವತ್ತು ವರ್ಷ ಒಬ್ಬರಿಗೂ ಹೇಳಿದವಳಲ್ಲ ನಾನು. ಆ ಅಜ್ಜ ಸತ್ತದ್ದೂ ಗೊತ್ತಿತ್ತು ನನಗೆ. ಮಾನಿಟರ್ ಉದ್ದಕ್ಕೆ ಕೂಗಿದ್ದು ಕೇಳಿತ್ತು. ನಿಮಗೆ ಆ ಅಜ್ಜನ ಮೇಲೆ ಪ್ರೀತಿ ಅಂತ ಬಿಟ್ಟೆ.” ಮತ್ತೆ ಕೇಳಿದರು, “ಹೋದ ವಾರ ನನ್ನ ಕಣ್ಣಿನ ರಿಪೋರ್ಟ್ ಓದಿ ಹೇಳಿದ್ರಲ್ಲ, ಅದು?”

ಡಾಕ್ಟರರನ್ನು ಕಾಣಲು ಇನ್ನೂ ಒಂದು ತಿಂಗಳು ಇದ್ದುದರಿಂದ ಸ್ಕ್ಯಾನಿನ ವರದಿಯನ್ನು ಅವರು ನನ್ನ ಕೈಗೇ ಕೊಟ್ಟಿದ್ದರು. ಕಾಯಿಲೆ ಮುಂದುವರಿದಿಲ್ಲ, ಎಡಗಣ್ಣು ಹಿಂದಿನ ಸಲ ಇದ್ದಷ್ಟೇ ಇದೆ ಎಂದು ಅದರಲ್ಲಿತ್ತು. ನಾನು ಒಂದಕ್ಷರ ಬಿಡದೆ, ಸೇರಿಸದೆ ಓದಿದ್ದೆ. ಅದನ್ನೇ ಹೇಳಿದೆ. ಹೇಳುವಾಗ ನನ್ನ ಸ್ವರ ನನಗೇ ಸುಳ್ಳು ಸಾಕ್ಷಿಯ ಸ್ವರದಂತೆ ಕೇಳಿಸಿತು.

“ಹೌದಾ” ಎಂದರು ಗ್ರೇಸಿ ಬಾಯಿ. ಹೊರಟುಹೋದರು.

ಓದುಗ ಮಿತ್ರರೇ, ಪಾಟೀಸವಾಲಿನಲ್ಲಿ ಎದುರಾಳಿಯ ಸಾಕ್ಷಿಯನ್ನು ಕೆಡವುವ ಉಪಾಯವನ್ನು ನಾನೇ ಹತ್ತಾರು ಕಿರಿಯರಿಗೆ ಕಲಿಸಿದ್ದೇನೆ. ಅವನ ಒಂದು ಸಣ್ಣ ಸುಳ್ಳನ್ನು ಹಿಡಿಯಿರಿ, ಸಾಕು. ಅವನ ನಿಜಗಳನ್ನು ನೀವು ಮುಟ್ಟಬೇಕಾಗಿಲ್ಲ, ಅವು ತಾವಾಗಿಯೇ ಬಿದ್ದುಹೋಗುತ್ತವೆ. ಒಬ್ಬ ಹೆಂಗಸಿನ ಪಾಲಿಗೆ ಆ ವರ್ಷದ ಒಂದೇ ಒಂದು ಒಳ್ಳೆಯ ಸುದ್ದಿಯನ್ನು ನಾನು ಹಾಗೆ ಕೆಡವಿದ್ದೆ. ಸಿನಿಮಾದವರ ಮೇಲೆ ಇಷ್ಟು ದಿನ ಕೂಡಿಟ್ಟ ಸಿಟ್ಟೆಲ್ಲ ಒಟ್ಟಾಗಿ ನನ್ನ ಕಡೆಗೇ ತಿರುಗಿತು, ಮತ್ತು ಅದು ಸಣ್ಣ ಪ್ರಮಾಣದ್ದೇನೂ ಆಗಿರಲಿಲ್ಲ.

ಆ ಶನಿವಾರ ಮೂರು ಗಂಟೆಗೆ ಕುರ್ಚಿ ಖಾಲಿ ಇತ್ತು. ಸುಜಾತಾ ಗೋಳಿಬಜೆಯ ತಟ್ಟೆಯನ್ನು ನನ್ನ ಎದುರು ಇಟ್ಟು, “ಬಾಯಿ ಕಾಟಿಪಳ್ಳಕ್ಕೆ ಹೋಗಿದ್ದಾರೆ, ತಂಗಿಯ ಮಗಳ ಹತ್ರ ಆ ರಿಪೋರ್ಟ್ ಓದಿಸ್ಲಿಕ್ಕೆ. ಒಬ್ಬರೇ. ಎಂತ ಮಾಡಿ ಹಾಕಿದ್ರಿ ನೀವು?” ಎಂದಳು. ಬಸ್ಸಿನ ಬೋರ್ಡು ಓದಲಾಗದವರು, ಸುರಿಯುವ ಮಳೆಯಲ್ಲಿ, ನಿಂತವರನ್ನೆಲ್ಲ ಕೇಳಿ ಕೇಳಿ ಎರಡು ಬಸ್ಸು ಬದಲಿಸಿ, ಕೂಳೂರು ಸೇತುವೆ ದಾಟಿ, ಒಂದು ಹಾಳೆ ಕಾಗದಕ್ಕಾಗಿ ಅಲ್ಲಿಯವರೆಗೆ ಹೋಗಿದ್ದರು. ಫೋನಿನಲ್ಲಿ ಕೇಳಬಹುದಿತ್ತಲ್ಲ ಎಂದೆ ನಾನು, ಮೂರ್ಖನಂತೆ. ಕಾಗದ ತಂಗಿಯ ಮಗಳ ಕೈಯಲ್ಲಿರಬೇಕು, ಫೋನಿನಲ್ಲಾದರೆ ಅವಳಿಗೆ ಅದನ್ನು ಓದಿ ಹೇಳಬೇಕಾದವರು ಮತ್ತೆ ನೀವೇ ಎಂದು ಸುಜಾತಾ ಒಳಗೆ ಹೋದಳು. ಗೋಳಿಬಜೆ ಆರಿಹೋಯಿತು.

ಅದರ ಮುಂದಿನ ಶನಿವಾರ ಮೂರಕ್ಕೆ ಐದು ನಿಮಿಷ ಇರುವಾಗ ಗೇಟಿನ ಸದ್ದಾಯಿತು. ಗ್ರೇಸಿ ಬಾಯಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

“ಅವಳೂ ಅದನ್ನೇ ಓದಿದಳು. ಅದೊಂದು ಸರಿ ಹೇಳಿದ್ದೀರಿ” ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. “ಅದೆಲ್ಲ ಬೇಡ. ಇನ್ನು ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಬೈಗುಳ ಸಮೇತ.”

ಆ ವಾರದ ಸರದಿ ನಗಿಸುವ ಲವ್ ಸ್ಟೋರಿಯದು. ಎರಡು ಗಂಟೆ ಕಾಲ ನಾನು ಬೈಗುಳವನ್ನೂ ಬಿಡದೆ, ಟೀಕೆಯನ್ನೂ ಸೇರಿಸದೆ, ಪ್ರಮಾಣವಚನ ಸ್ವೀಕರಿಸಿದವನಂತೆ ಓದಿದೆ. ಕೊನೆಗೆ ಬಂದೇ ಬಂತು, ವಿಮಾನ ನಿಲ್ದಾಣ. ನಾಯಕನಿಗೆ ಜ್ಞಾನೋದಯವಾಯಿತು, ಟ್ಯಾಕ್ಸಿ ಹತ್ತಿದ. ಆದರೆ ಸೇತುವೆಯ ಮೇಲೆ ಒಂದು ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಮುಂದೆ ವಾಹನಗಳ ಸಾಲು. ಆತ ಇಳಿದು ಓಡಿದ, ಅಂಗಿ ಒದ್ದೆಯಾಗುವಷ್ಟು ಬೆವರಿದ, ಬಾಗಿಲಲ್ಲಿ ನಿಂತ ಕಾವಲುಗಾರ ಟಿಕೆಟ್ ಎಲ್ಲಿ ಎಂದು ಕೇಳಿದ. ನನ್ನ ಇಷ್ಟು ದಿನದ ತಕರಾರನ್ನೆಲ್ಲ ಯಾರೋ ಕೊನೆಗೂ ಪುರಸ್ಕರಿಸಿದ್ದರು. ಗೆದ್ದವನ ಹಾಗೆ ಬೀಗಬೇಕಿತ್ತು. ಆದರೆ ಆ ದರಿದ್ರ ಹುಡುಗ ಹೇಗಾದರೂ ಒಳಗೆ ಹೋಗಲಿ ಎಂದು ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಗಾಜಿನಾಚೆ ವಿಮಾನ ಮೇಲೇರಿತು. ಪರದೆಯಲ್ಲಿ ಮಾತಿಲ್ಲ, ಪಿಯಾನೋ ಮಾತ್ರ. ಆ ಪಿಯಾನೋಕ್ಕೆ ಅವಳು ಸಿಕ್ಕಿದಳು ಎಂದರೂ ಹೊಂದುತ್ತಿತ್ತು, ಹೋದಳು ಎಂದರೂ ಹೊಂದುತ್ತಿತ್ತು.

“ವಿಮಾನ ಹೋಯಿತು” ಎಂದೆ.

ಗ್ರೇಸಿ ಬಾಯಿ ಪರದೆಯ ಕಡೆಗೇ ಮುಖ ಮಾಡಿದ್ದರು.

“ಅವಳು ಹತ್ತುವಾಗ ತಿರುಗಿ ನೋಡಿದಳಾ?”

“ಇಲ್ಲ.”

“ನಾನೂ ನೋಡ್ಲಿಲ್ಲ” ಎಂದರು. “ಮಸ್ಕತ್ತಿಗೆ ಹೋಗ್ಲಿಕ್ಕೆ ಬೊಂಬಾಯಿ ಬಸ್ಸು ಹತ್ತಿದ ದಿನ. ತಿರುಗಿದ್ರೆ ಹೋಗ್ಲಿಕ್ಕೆ ಆಗುದಿಲ್ಲ ಅಂತ. ಅವನು ಬಸ್ಸಿನ ಹತ್ರ ಬಂದಿದ್ದನಾ ಇಲ್ವಾ, ಇವತ್ತಿನವರೆಗೆ ಗೊತ್ತಿಲ್ಲ.”

ಬಂದಿದ್ದಿರಬೇಕು ಎಂದು ಹೇಳಲು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ; ನಾನು ಅಲ್ಲಿರಲಿಲ್ಲ, ನೋಡಿರಲಿಲ್ಲ. ಅವರು ಒಂದು ಗೋಳಿಬಜೆ ಎತ್ತಿಕೊಂಡು, ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದೆ.

“ಸರಿ ಉಂಟು” ಎಂದರು.

ಸೇತುವೆಯ ಮೇಲೆ ಅಡ್ಡ ನಿಂತ ಆ ಲಾರಿಯವನ ಮೇಲಿನ ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ.